ಬರೀ ಊಟ

ಪಂಪ್‌ಸೆಟ್ ಮಾರುವ ಕೆಲಸದಲ್ಲಿ ನಾನು ಇಪ್ಪತ್ತು ವರ್ಷ ಊರೂರು ತಿರುಗಿದವನು. ತಿಂಗಳಿಗೊಮ್ಮೆ ಮೈಸೂರಿನಿಂದ ಹೊರಟರೆ ಕೊಳ್ಳೇಗಾಲದಲ್ಲಿ ಎರಡು ದಿನ, ಹನೂರಿನಲ್ಲಿ ಒಂದು ದಿನ, ವಾಪಸು ಬರುವಾಗ ಯಳಂದೂರಿನಲ್ಲಿ ಅರ್ಧ ದಿನ. ನಮ್ಮ ಕಂಪನಿಯ ಪಂಪು ಅಷ್ಟಕ್ಕಷ್ಟೇ. ಮಾರುವುದರಲ್ಲಿ ನಾನೂ ಅಷ್ಟಕ್ಕಷ್ಟೇ. ಆದರೆ ಎಲ್ಲಿ ಮಲಗಬೇಕು, ಎಲ್ಲಿ ಉಣ್ಣಬೇಕು ಎಂಬ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಆಫೀಸಿನಲ್ಲಿ ಹೆಸರಿತ್ತು. ಆ ಹೆಸರನ್ನು ಹಬ್ಬಿಸಿದವನೂ ನಾನೇ.

ಗುಟ್ಟು ದೊಡ್ಡದೇನಲ್ಲ, ಟಿಪ್ಸ್. ಬೇರೆಯವರು ನಾಲ್ಕಾಣೆ, ಎಂಟಾಣೆ ತಟ್ಟೆಗೆ ಹಾಕಿ ಎದ್ದರೆ ನಾನು ನೋಟು ಕೊಡುತ್ತಿದ್ದೆ. ಅದನ್ನೂ ಮಡಿಸಿ ಗುಟ್ಟಾಗಿ ಅಲ್ಲ, ಅಕ್ಕಪಕ್ಕದವರಿಗೆ ಕಾಣುವ ಹಾಗೆ ಬಿಡಿಸಿ, 'ಕಾಫಿ ಕುಡ್ಕೊ' ಎಂದು ಸ್ವಲ್ಪ ಜೋರಾಗಿ ಹೇಳಿ. ಕೊಳ್ಳೇಗಾಲದ ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಮಹಡಿಯ ಮೂಲೆ ರೂಮು ನನಗೇ ಮೀಸಲು. ಬೆಳಿಗ್ಗೆ ಒಲೆಯ ಮೇಲಿನ ಹಂಡೆಯಿಂದ ಇಳಿದ ಮೊದಲ ಬಕೆಟ್ ಬಿಸಿನೀರು ನನ್ನ ಬಾಗಿಲಿಗೆ ಬರುತ್ತಿತ್ತು. ಒಂದು ಸಲ ಪಕ್ಕದ ರೂಮಿನವರು ಮಗುವಿಗೆ ಜ್ವರ, ಒಂದು ಚೊಂಬು ಬಿಸಿನೀರು ಕೊಡಿ ಎಂದು ರೂಮಿನಾಳನ್ನು ಅಂಗಲಾಚುತ್ತಿದ್ದರು. 'ಇನ್ನೂ ಕಾದಿಲ್ಲ ಕಣ್ರಿ' ಎಂದು ಅವನು ಸುಳ್ಳು ಹೇಳುತ್ತಿದ್ದುದು ಬಚ್ಚಲಿಗೆ ಚೆನ್ನಾಗಿ ಕೇಳಿಸುತ್ತಿತ್ತು. ನಾನು ಎರಡನೇ ಸಲ ಸೋಪು ಹಚ್ಚಿಕೊಂಡೆ.

ಯಳಂದೂರಿನ ದೋಸೆ ಹೋಟೆಲಿನಲ್ಲೂ ಹಾಗೆಯೇ. ಕಾದು ಕೂತವರನ್ನು ದಾಟಿಕೊಂಡು ಹೆಂಚಿನ ಮೊದಲ ದೋಸೆ ನನ್ನ ಮುಂದೆ ಬಂದು ಬೀಳುತ್ತಿತ್ತು. ಒಂದು ದಿನ ಮುದುಕರೊಬ್ಬರು, 'ನಾ ಮೊದ್ಲು ಬಂದಿವ್ನಿ ಕಣಪ್ಪ' ಎಂದರು. ಸಪ್ಲೈಯರ್ ಕೇಳಿಸದವನಂತೆ ಹೋದ. ಮುದುಕರ ಮುಖ ನೋಡುತ್ತಲೇ ನಾನು ತಿಂದೆ. ನಿಜ ಹೇಳುತ್ತೇನೆ, ಆ ದೋಸೆ ಬಹಳ ರುಚಿಯಾಗಿತ್ತು.

ಇಷ್ಟೆಲ್ಲ ಇದ್ದರೂ ನನ್ನ ಮೆಚ್ಚಿನ ಜಾಗ ಹನೂರಿನ ಒಂದು ಮೆಸ್ಸು. ಮುಂದೆ ಗಲ್ಲಾಪೆಟ್ಟಿಗೆಯ ಹಿಂದೆ ಯಜಮಾನ, ಒಳಗೆ ಒಲೆಯ ಮುಂದೆ ಅವನ ಹೆಂಡತಿ, ನಡುವೆ ಆರು ಮೇಜು. ಆ ಆರು ಮೇಜಿಗೂ ಒಬ್ಬನೇ ಸಪ್ಲೈಯರ್. ನಲವತ್ತು ದಾಟಿದ ಸಣಕಲು ಆಳು. ಸಂತೆಯ ದಿನ ಎಷ್ಟೇ ಜನ ನುಗ್ಗಿದರೂ ಯಾರಿಗೆ ಎರಡನೇ ಮುದ್ದೆ ಬೇಕು, ಯಾರಿಗೆ ಅನ್ನ ಸಾಕು ಎಂದು ಕೇಳದೆಯೇ ತಿಳಿಯುತ್ತಿದ್ದವನು. ಅವನ ಹೆಂಡತಿಗೆ ಲಕ್ವ ಹೊಡೆದು ಮಲಗಿದ್ದಲ್ಲೇ ಆಗಿತ್ತು. ಮಧ್ಯಾಹ್ನ ಮೂರರ ಹೊತ್ತಿಗೆ ಜನ ಕರಗಿದ ಮೇಲೆ ಅವನು ಒಂದು ಮುದ್ದೆ, ಒಂದಿಷ್ಟು ಸಾರು ಕ್ಯಾರಿಯರಿಗೆ ಹಾಕಿಕೊಂಡು ಮನೆಗೆ ಹೋಗಿ ಅವಳಿಗೆ ಉಣ್ಣಿಸಿ ಬರುತ್ತಿದ್ದ. ಸಂಬಳಕ್ಕಿಂತ ಆ ಕ್ಯಾರಿಯರೇ ಅವನಿಗೆ ದೊಡ್ಡದು. ಮನೆಯಲ್ಲಿ ಇನ್ನೂ ಸ್ಕೂಲಿಗೆ ಹೋಗುವ ಒಬ್ಬಳು ಮಗಳು ಬಿಟ್ಟರೆ ಒಲೆ ಹಚ್ಚುವವರಿರಲಿಲ್ಲ. ಇದನ್ನೆಲ್ಲ ಅವನು ನನ್ನ ಹತ್ತಿರ ಗೋಳು ಹೇಳಿಕೊಂಡದ್ದಲ್ಲ. ನಾನೇ ಕೆದಕಿ ಕೇಳಿದ್ದೆ. ಟಿಪ್ಸ್ ಕೊಟ್ಟವನಿಗೆ ಕೇಳುವ ಹಕ್ಕೂ ಬರುತ್ತದೆ ಎಂದುಕೊಂಡಿದ್ದೆ.

ಆಗಿನ ಆ ಕಡೆಯ ಹೋಟೆಲುಗಳಲ್ಲಿ ಬಿಲ್ಲು ಬರೆಯುವ ಪದ್ಧತಿ ಇರಲಿಲ್ಲ. ಉಂಡವನು ಕೈ ತೊಳೆದು ಗಲ್ಲಾ ಕಡೆ ಹೊರಟಾಗ ಸಪ್ಲೈಯರ್ ಇದ್ದಲ್ಲಿಂದಲೇ ಕೂಗಬೇಕು. 'ನೀಲಿ ಸರ್ಟು, ಊಟ, ಚಾಪ್ಸು, ಅದ್ನಾಲ್ಕು!' ಎಂದು ಇವನು ಕೂಗಿದರೆ ಯಜಮಾನ ತಲೆ ಎತ್ತದೆ ಹದಿನಾಲ್ಕು ರೂಪಾಯಿ ಎಣಿಸಿಕೊಳ್ಳುತ್ತಿದ್ದ. ಇಡೀ ವ್ಯಾಪಾರ ಆ ಒಂದು ಗಂಟಲಿನ ನಂಬಿಕೆಯ ಮೇಲೆ ನಡೆಯುತ್ತಿತ್ತು.

ನಾನು ಅಲ್ಲಿ ಯಾವಾಗಲೂ ಊಟದ ಜೊತೆ ಒಂದು ಪ್ಲೇಟು ಮಟನ್ ಚಾಪ್ಸ್ ತಿನ್ನುತ್ತಿದ್ದೆ. ಊಟಕ್ಕೆ ಆರು, ಚಾಪ್ಸಿಗೆ ಎಂಟು. ಮೊದಲ ಸಲ ಐದು ರೂಪಾಯಿ ಟಿಪ್ಸ್ ಕೊಟ್ಟಾಗ ಅವನು ನೋಟನ್ನೂ ನನ್ನನ್ನೂ ನೋಡಿ, 'ಬತ್ತಾ ಇರಿ ಸಾ' ಎಂದ. ಮುಂದಿನ ತಿಂಗಳು ನಾನು ಕೈ ತೊಳೆದು ತಿರುಗುವಷ್ಟರಲ್ಲಿ ಅವನ ಗಂಟಲು ಕೂಗಿತು: 'ಸಾಹೇಬ್ರು, ಬರೀ ಊಟ!'

ಆರು ರೂಪಾಯಿ ಕೊಟ್ಟು ಬಂದೆ. ಹೊರಗೆ ಬಂದು ಬೀಡಾ ಹಾಕಿಕೊಳ್ಳುವಾಗ ಲೆಕ್ಕ ತಪ್ಪಿದೆ ಎಂದು ಗೊತ್ತಾಯಿತು. ಮರೆತಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಆ ಮಾತು ಒಂದು ತಿಂಗಳ ಮಟ್ಟಿಗೆ ನಡೆಯಿತು. ಮತ್ತೆ ಹೋದಾಗಲೂ ಚಾಪ್ಸ್ ಬಂತು, ಮತ್ತೆ 'ಬರೀ ಊಟ' ಎಂದೇ ಕೂಗಿದ. ಆಮೇಲೆ ಮರೆವಿನ ಮಾತೇ ಇರಲಿಲ್ಲ. ಮೂರು ವರ್ಷ ಹಾಗೆ ನಡೆಯಿತು. ಎಂಟು ಉಳಿಸಿಕೊಟ್ಟವನಿಗೆ ಐದು ಕೊಟ್ಟು ನಾನು ಧಾರಾಳಿ ಎನಿಸಿಕೊಂಡೆ. ಯಜಮಾನನ ಮಾಂಸ, ಅವನ ಹೆಂಡತಿಯ ಬೆವರು, ಇವನ ಗಂಟಲು. ನನ್ನ ಕೈಯಿಂದ ಬಿಚ್ಚಿದ್ದು ಏನೂ ಇಲ್ಲ, ತಿಂಗಳಿಗೆ ಮೂರು ರೂಪಾಯಿ ಲಾಭವೇ. ಆದರೂ ಮೈಸೂರಿಗೆ ಬಂದು, 'ಹನೂರಲ್ಲಿ ಒಬ್ಬ ಸಪ್ಲೈಯರ್ ಇದಾನೆ, ನನಗೆ ಜೀವ ಕೊಡ್ತಾನೆ' ಎಂದು ಕೊಚ್ಚಿಕೊಳ್ಳುತ್ತಿದ್ದೆ.

ಸಿಕ್ಕಿಬಿದ್ದ ದಿನ ನನ್ನ ಜೊತೆ ಹನೂರಿನ ಇಬ್ಬರು ಡೀಲರುಗಳಿದ್ದರು. ಅವರ ಊಟಕ್ಕೆ ನಾನೇ ಕೊಡುತ್ತೇನೆಂದು ಕರೆದುಕೊಂಡು ಹೋಗಿದ್ದೆ. ಅವರಿಬ್ಬರೂ ಸೊಪ್ಪುಸಾರಿನ ಊಟವೇ ಸಾಕೆಂದರು. ನನಗೆ ಎಂದಿನಂತೆ ಚಾಪ್ಸ್ ಬಂತು. ಉಂಡು ಎದ್ದಾಗ ಇವನು ಕೂಗಿದ: 'ಸಾಹೇಬ್ರದು ಮೂರು ಊಟ, ಬರೀ ಊಟ!'

ಯಜಮಾನ ಆವತ್ತು ತಲೆ ಎತ್ತಿದ. ಒಳಗಿನಿಂದ ಅವನ ಹೆಂಡತಿ ಬಾಗಿಲಿಗೆ ಬಂದು ನಿಂತಿದ್ದಳು. ತಾನು ಬಡಿಸಿಕೊಟ್ಟ ಚಾಪ್ಸ್ ಯಾವ ಮೇಜಿಗೆ ಹೋಯಿತು ಎಂದು ಅವಳು ನೋಡಿದ್ದಳು. ಯಜಮಾನ ಸಿಟ್ಟು ಮಾಡಲಿಲ್ಲ. ಮೆಲ್ಲಗೆ ಕೇಳಿದ, 'ಒಂದ್ನಿಮ್ಸ ಸಾ. ನೀವು ಏನೇನ್ ಉಂಡ್ರಿ ಅಂತ ಒಸಿ ಯೋಳಿ.'

ಸಪ್ಲೈಯರ್ ಸಾರಿನ ಬಕೆಟ್ ಹಿಡಿದು ಮೇಜುಗಳ ನಡುವೆ ನಿಂತಿದ್ದ. ನನ್ನ ಕಡೆ ನೋಡಿದ. ಬೇಡಿಕೊಳ್ಳುವ ನೋಟವೇನಲ್ಲ ಅದು. ಮೂರು ವರ್ಷದ ಗೆಳೆಯನೊಬ್ಬ ಈಗ ಏನು ಹೇಳುತ್ತಾನೆಂದು ಗೊತ್ತಿರುವವನ ನೋಟ. ನಾನು 'ಬರೀ ಊಟ' ಎಂದರೆ ಸಾಕಿತ್ತು, ಗಿರಾಕಿಯ ಮಾತಿಗೆ ಯಜಮಾನ ಎದುರಾಡುತ್ತಿರಲಿಲ್ಲ. ಇಲ್ಲವೇ, 'ನಾನೇ ಕೂಗಬೇಡ ಅಂದಿದ್ದೆ, ತಪ್ಪು ನಂದು, ಹಿಂದಿನದೂ ಸೇರಿಸಿ ತಗೊಳ್ಳಿ' ಎಂದು ನೂರರ ಮೂರು ನೋಟು ಇಟ್ಟಿದ್ದರೆ ಅವನ ಕೆಲಸ ಉಳಿಯುತ್ತಿತ್ತು. ಜೇಬಿನಲ್ಲಿ ಕಂಪನಿ ಕೊಟ್ಟ ಭತ್ಯೆಯೇ ಅದಕ್ಕಿಂತ ಹೆಚ್ಚಿತ್ತು. ಆದರೆ ಪಕ್ಕದಲ್ಲಿ ಡೀಲರುಗಳು ನಿಂತಿದ್ದರು.

'ಅಯ್ಯೋ, ನಾನು ಚಾಪ್ಸ್ ತಿಂದೆನಲ್ಲ' ಎಂದೆ. 'ಅವನು ಕೂಗಲಿಲ್ಲವೇ?'

ಆ 'ಅಯ್ಯೋ' ನನಗೆ ಎಲ್ಲಿಂದ ಬಂತೋ, ಚೆನ್ನಾಗಿ ಬಂತು. ಹಿಂದಿನ ತಿಂಗಳುಗಳಲ್ಲಿ ಹೇಗೆ ಎಂದು ಯಜಮಾನ ಕೇಳಿದಾಗ, 'ಅವನು ಎಷ್ಟು ಕೂಗುತ್ತಾನೋ ಅಷ್ಟು ಕೊಡುತ್ತೇನೆ, ನಾನೇನು ಲೆಕ್ಕ ಇಡುತ್ತೇನೆಯೇ' ಎಂದೆ. ಬದುಕಿಡೀ ಲೆಕ್ಕ ಇಟ್ಟೇ ಹೊಟ್ಟೆ ಹೊರೆದವನು ಹೇಳಿದ ಮಾತು ಅದು.

'ಪಾಪ, ನಿಮ್ಗೇನ್ ಗೊತ್ತು ಸಾ' ಎಂದ ಯಜಮಾನ. ನಾನು ತಲೆಯಾಡಿಸಿದೆ. ಅವನು ಸಪ್ಲೈಯರ್ ಕಡೆ ತಿರುಗಿ, 'ಬಕೀಟ್ ಕೆಳೀಕ್ ಮಡುಗ್ಲಾ' ಎಂದ. ಇವನು ಇಟ್ಟ. ಹೆಗಲ ಮೇಲಿನ ಬಟ್ಟೆಯನ್ನು ಮಡಿಸಿ ಮೇಜಿನ ಮೇಲಿಟ್ಟ. ಕ್ಯಾರಿಯರ್ ಒಳಗೆ ಗೋಡೆಯ ಮೊಳೆಗೆ ನೇತುಹಾಕಿತ್ತು. ಅದನ್ನು ತೆಗೆದುಕೊಂಡ. ಅದು ಖಾಲಿಯಾಗಿತ್ತು; ಗಂಟೆ ಇನ್ನೂ ಎರಡು, ಅದನ್ನು ತುಂಬಿಕೊಳ್ಳುತ್ತಿದ್ದುದು ಮೂರಕ್ಕೆ. ಬಾಗಿಲಲ್ಲಿ ನನ್ನ ಪಕ್ಕದಲ್ಲೇ ಹಾದುಹೋದ. ಡೀಲರೊಬ್ಬ ನನ್ನ ಬೆನ್ನು ತಟ್ಟಿ, 'ನಿಮ್ಮಂಥ ಒಳ್ಳೇರ್ನೂ ಬುಡಲ್ಲ ನೋಡಿ ಇವ್ರು' ಎಂದ. ಆ ಸಲ ನಾಲ್ಕು ಪಂಪಿಗೆ ಆರ್ಡರ್ ಸಿಕ್ಕಿತು.

ಮುಂದಿನ ತಿಂಗಳು ಅದೇ ಮೆಸ್ಸಿಗೆ ಹೋದೆ. ಹೊಸ ಸಪ್ಲೈಯರಿಗೂ ಐದು ರೂಪಾಯಿ ಕೊಟ್ಟೆ. ಅವನು ಎಲ್ಲವನ್ನೂ ಸರಿಯಾಗಿ ಕೂಗಿದ. ಎರಡು ಸಲ ಕೊಟ್ಟು ನೋಡಿ ಆಮೇಲೆ ಎಂಟಾಣೆಗೆ ಇಳಿಸಿದೆ. ಹಳೆಯವನ ಮನೆ ಎಲ್ಲಿ ಎಂದು ನಾನು ಕೇಳಲಿಲ್ಲ. ಒಡೆಯರಪಾಳ್ಯದ ಕಡೆ ಕೂಲಿಗೆ ಹೋಗುತ್ತಿದ್ದಾನೆ ಎಂದು ಯಾರೋ ಹೇಳಿದರು. ಜೋಳದ ಹೊಲದಲ್ಲಿ ಟಿಪ್ಸ್ ಕೊಡುವವರು ಯಾರು ಎಂದು ನಾನೇ ಒಂದು ಹಾಸ್ಯ ಮಾಡಿದೆ. ಆಫೀಸಿನಲ್ಲಿ ಎಲ್ಲರೂ ನಕ್ಕರು.

ಅದಾಗಿ ಹನ್ನೆರಡು ಹದಿಮೂರು ವರ್ಷ ಕಳೆದಿರಬೇಕು. ನಾನು ರಿಟೈರ್ ಆಗುವ ಮುಂಚಿನ ವರ್ಷ. ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ಕಡೆ ತಿರುಗುವ ರಸ್ತೆಯಲ್ಲಿ ತಗಡಿನ ಚಾವಣಿಯ ಹೋಟೆಲೊಂದಿದೆ, ಚಾಪ್ಸ್ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದರು. ಹೊಸ ಜಾಗ ಹುಡುಕುವ ಚಟ ಇನ್ನೂ ಬಿಟ್ಟಿರಲಿಲ್ಲ. ಹೋಗಿ ಕೂತೆ. ತಟ್ಟೆ ತಂದಿಟ್ಟ ಕೈಯನ್ನು ನೋಡಿ, ಮುಖ ನೋಡುವ ಮೊದಲೇ, ಗುರುತು ಹತ್ತಿತು.

ತಲೆ ಪೂರ್ತಿ ಬೆಳ್ಳಗಾಗಿತ್ತು. 'ಬನ್ನಿ ಸಾ' ಎಂದ, ಹೋದ ತಿಂಗಳಷ್ಟೇ ನೋಡಿದವನಂತೆ. ನಾನು ಏನೂ ಹೇಳುವ ಮೊದಲೇ ಮುದ್ದೆ ಬಂತು, ಸಾರು ಬಂತು, ಒಂದು ಪ್ಲೇಟು ಚಾಪ್ಸ್ ಬಂತು. ನನಗೆ ನಾಚಿಕೆಯಾಗಬೇಕಿತ್ತು, ಆದರೆ ಸಮಾಧಾನವಾಯಿತು. ಎಷ್ಟೇ ಆಗಲಿ ಕೈತುಂಬ ಕೊಟ್ಟವನನ್ನು ಮರೆತಿಲ್ಲ ಎಂದುಕೊಂಡೆ. ಅಷ್ಟು ವಯಸ್ಸಾದರೂ ನನ್ನ ಬುದ್ಧಿ ಅಷ್ಟೇ.

'ಮನೆಯವರು ಹೇಗಿದ್ದಾರೆ?' ಎಂದು ಕೇಳಿದೆ.

'ತೀರೋದ್ಲು ಸಾ. ಅದೇ ವರ್ಸ.' ತಟ್ಟೆಗೆ ಸಾರು ಬಿಡುತ್ತಲೇ ಹೇಳಿದ. 'ಅನ್ನ ಇಕ್ಲಾ?'

ಬೇಡ ಎಂದೆ. ಚಾಪ್ಸ್ ಮಾತ್ರ ಪೂರ್ತಿ ತಿಂದೆ. ಕೈ ತೊಳೆದು ಬಂದಾಗ ತಟ್ಟೆಯಲ್ಲಿ ಮೂಳೆಗಳು ಎಲ್ಲರಿಗೂ ಕಾಣುವ ಹಾಗೆ ಬಿದ್ದಿದ್ದವು. ಗಲ್ಲಾದಲ್ಲಿ ಒಬ್ಬ ಹೆಂಗಸು ಕೂತಿದ್ದಳು. ಇವನು ಹಿಂದಿನಿಂದ ಕೂಗಿದ, ಗಂಟಲು ಹಾಗೇ ಇತ್ತು:

'ಸಾಹೇಬ್ರು, ಬರೀ ಊಟ!'

ಅವಳು ತಟ್ಟೆಯ ಕಡೆ ನೋಡಿದಳು. 'ಬರೀ ಊಟನಾ ಅಪ್ಪ?' ಎಂದಳು.

ಅಪ್ಪ ಎಂದಳು. ಆಗ ಸ್ಕೂಲಿಗೆ ಹೋಗುತ್ತಿದ್ದ ಮಗಳು. ಅಂದರೆ ಹೋಟೆಲು ಅವನದೇ. ಮಾಂಸವೂ ಅವನದೇ, ನಷ್ಟವೂ ಅವನದೇ.

'ಊ ಕಣವ್ವ' ಎಂದ ಅವನು. 'ಸಾಹೇಬ್ರದು ಯಾವತ್ತೂ ಬರೀ ಊಟವೇ.'

ಜೇಬಿನಿಂದ ಐವತ್ತರ ನೋಟು ತೆಗೆದು ಅವನ ಕಡೆ ಚಾಚಿದೆ. ಅವನು ಎರಡೂ ಕೈಯಲ್ಲಿ ತಟ್ಟೆ ಹಿಡಿದಿದ್ದ, ಕೆಳಗಿಡಲಿಲ್ಲ. 'ಅಪ್ಪ ಯಾರ್ತಾವೂ ಮೇಲ್ಕಾಸು ಈಸ್ಕಳಲ್ಲ ಸಾ' ಎಂದು ಮಗಳು ಹೇಳಿ, ಊಟಕ್ಕೆಷ್ಟು ಎಂದು ಹೇಳಿದಳು. ಹನೂರಿನಲ್ಲಿ ಯಾರೂ ತಡೆಯಲಾಗದಷ್ಟು ಸಲೀಸಾಗಿ ಬಾಯಿಂದ ಬಂದಿದ್ದ ಮಾತು, ನಾನು ಚಾಪ್ಸ್ ತಿಂದೆನಲ್ಲ ಎಂಬ ಆ ಮಾತು, ಈಗ ಹೇಳಿದ್ದರೆ ಯಾರ ಕೆಲಸವೂ ಹೋಗುತ್ತಿರಲಿಲ್ಲ. ನಾನು ಐವತ್ತರ ನೋಟನ್ನು ಮಡಿಸಿ ಜೇಬಿಗೆ ಇಟ್ಟುಕೊಂಡೆ.

'ಬತ್ತಾ ಇರಿ ಸಾ' ಎಂದ ಅವನು. ನಾನು ಬರೀ ಊಟದ ದುಡ್ಡು ಕೊಟ್ಟು ಹೊರಗೆ ಬಂದೆ.