ಅತ್ತೆಯ ಮಂಕಿ ಕ್ಯಾಪ್

ಮೊಬೈಲ್ ಟವರ್‌ಗಳಿಗೆ ಬ್ಯಾಟರಿ ಬ್ಯಾಕಪ್ ಡಿಸೈನ್ ಮಾಡೋದು ನನ್ನ ಕೆಲಸ. ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಿಟಾದಲ್ಲಿ ಜನವರಿಯ ಒಂದು ಬೆಳಗ್ಗೆ, ಗಾಳಿ ಜೋರಾಗಿದೆ, ತಂತಿಯಿಂದ ಕಾಡ್ಗಿಚ್ಚು ಹತ್ತಬಾರದು ಅಂತ ಕರೆಂಟ್ ತೆಗೆದರು. "ನಮ್ಮದು ಗ್ಯಾಸ್ ಹೀಟರ್, ಮನೆ ತಣ್ಣಗಾಗಲ್ಲ" ಅಂತ ಬೆಂಗಳೂರಿಂದ ಬಂದಿದ್ದ ಅತ್ತೆಯ ಮುಂದೆ ಜಂಬ ಕೊಚ್ಚಿದೆ. ಹೀಟರ್ ಕಮಕ್ ಕಿಮಕ್ ಅನ್ನಲಿಲ್ಲ. ರಿಪೇರಿಯವನಿಗೆ ಫೋನ್ ಮಾಡಿ ದಬಾಯಿಸಿದೆ.

"ಉರಿಯೋದು ಗ್ಯಾಸಿಂದ, ಬಿಸಿಗಾಳಿ ಊದೋ ಫ್ಯಾನ್ ಓಡೋದು ಕರೆಂಟಿಂದ. ಬ್ಯಾಕಪ್ ಏನಿಟ್ಟಿದ್ದೀರಿ?" ಅಂದ. ಪುಣ್ಯಕ್ಕೆ ನನ್ನ ಕೆಲಸ ಏನು ಅಂತ ಕೇಳಲಿಲ್ಲ.

ಅತ್ತೆ ಸೂಟ್‌ಕೇಸಿಂದ ಮಂಕಿ ಕ್ಯಾಪ್ ತೆಗೆದುಕೊಟ್ಟರು. "ಕ್ಯಾಲಿಫೋರ್ನಿಯಾದಲ್ಲಿ ಇದ್ಯಾಕೆ?" ಅಂತ ನಾನೇ ನಕ್ಕಿದ್ದ ಟೋಪಿ.

ಹತ್ತು ಗಂಟೆಗೆ ಆಫೀಸ್ ಮೀಟಿಂಗ್. ಕರೆಂಟ್ ಹೋದರೆ ಏನು ಮಾಡಬೇಕು ಅಂತ ಫೋನಲ್ಲೇ ಅರ್ಧ ಗಂಟೆ ಪಾಠ ಹೇಳಿದೆ. ಕ್ಯಾಮೆರಾ ಮಾತ್ರ ಆನ್ ಮಾಡಲಿಲ್ಲ.