ಬೇರೆಯವರ ಕೈ ಕಾಣಬಾರದು

ನಮ್ಮ ಕಚೇರಿಯ ತಪಾಸಣೆ ನಮೂನೆಯ ಒಂಬತ್ತನೇ ಕಲಂ ಹೀಗಿದೆ: ಗಾಲಿಕುರ್ಚಿ ಬಳಸುವ ವ್ಯಕ್ತಿ ಇಳಿಜಾರನ್ನು ಸ್ವತಂತ್ರವಾಗಿ ಬಳಸುತ್ತಿರುವ ಭಾವಚಿತ್ರ ಲಗತ್ತಿಸುವುದು. ಮುಖ ಸ್ಪಷ್ಟವಾಗಿರಬೇಕು. ಬೇರೆಯವರ ಕೈ ಕಾಣಬಾರದು.

ಇದನ್ನು ಬರೆದವರು ಒಳ್ಳೆಯವರೇ ಇರಬೇಕು. ಮೊದಲೆಲ್ಲ ನಾಲ್ಕು ಜನ ಕುರ್ಚಿ ಎತ್ತಿಕೊಂಡು ಮೆಟ್ಟಿಲೇರುವ ಫೋಟೋ ಕಳಿಸಿ, ‘ಸೌಲಭ್ಯ ಇದೆ’ ಎಂದು ಬರೆಯುತ್ತಿದ್ದರಂತೆ.

ನಮ್ಮದು ಅಂಗವಿಕಲರ ಹಕ್ಕುಗಳಿಗಾಗಿಯೇ ಇರುವ ಸರ್ಕಾರಿ ಕಚೇರಿ, ಧಾರವಾಡದಲ್ಲಿ. ನಾನು ಸಮಾಜಕಾರ್ಯದಲ್ಲಿ ಎಂ.ಎ. ಮಾಡಿ ಅಲ್ಲಿ ಗುತ್ತಿಗೆಯ ಮೇಲೆ ಸೇರಿದವಳು. ನಾನೂ ನಮ್ಮ ಹಿರಿಯ ಗುಮಾಸ್ತರೂ ಬೇರೆ ಕಚೇರಿಗಳಿಗೆ ಹೋಗಿ, ನಿಮ್ಮ ಬಾಗಿಲಿಗೆ ಎಲ್ಲರೂ ಬರಬಹುದೇ ಎಂದು ಕೇಳಬೇಕು. ನಮಗೆ ಚಹಾ ಕೊಡುತ್ತಾರೆ. ಖುಷಿಯಿಂದ ಕೊಡುವುದಿಲ್ಲ.

ತಪಾಸಣೆಗೆ ಹೋಗುವಾಗ ಅಂಗವಿಕಲರೊಬ್ಬರು ಜೊತೆಗಿರಬೇಕೆಂಬ ನಿಯಮವಿದೆ. ಹುಬ್ಬಳ್ಳಿಗೆ ಹೋದರೆ ಬೆಂಗೇರಿಯ ಟೀಚರ್ ಬರುತ್ತಿದ್ದರು. ಮಿಷನ್ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಚಿಕ್ಕಂದಿನಲ್ಲೇ ಪೋಲಿಯೋ ಬಂದಿತ್ತು, ಈಗ ಗಾಲಿಕುರ್ಚಿ. ಪಿಂಚಣಿಯವರು ತಾವು ಬದುಕಿದ್ದೇವೆಂದು ವರ್ಷಕ್ಕೊಮ್ಮೆ ತೋರಿಸಬೇಕಲ್ಲ, ಅದಕ್ಕಾಗಿ ಅವರು ಹೋಗುತ್ತಿದ್ದ ಕಚೇರಿಗೆ ಐದು ಮೆಟ್ಟಿಲು. ಪ್ರತಿ ವರ್ಷ ಇಬ್ಬರು ಜವಾನರು ಅವರನ್ನು ಕುರ್ಚಿಸಮೇತ ಎತ್ತಿ ಒಳಗಿಡುತ್ತಿದ್ದರು.

“ಮೆರವಣಿಗಿ ಮಾಡ್ತಾರ ನೋಡವಾ ನಂದು,” ಎನ್ನುತ್ತಿದ್ದರು ಟೀಚರ್. “ಬಾಜಾ ಒಂದ ಕಮ್ಮಿ. ಸಾಯೂದರಾಗ ಒಮ್ಮೆ ನಾನಽ ಒಳಗ ಹೋಗಬೇಕು, ಬದುಕೀನಿ ಅಂತ ಹೇಳಾಕ.”

ಅವರ ಆಸೆ ಇಷ್ಟೇ. ಅದಕ್ಕಾಗಿ ಅವರು ಅರ್ಜಿ ಬರೆದರು, ನಾವು ಪತ್ರ ಬರೆದೆವು, ಜ್ಞಾಪನ ಪತ್ರ ಬರೆದೆವು. ಕೊನೆಗೊಂದು ದಿನ ಇಳಿಜಾರು ಸಿದ್ಧವಾಗಿದೆ, ಬಂದು ನೋಡಿ ಎಂದು ಉತ್ತರ ಬಂತು.

ಹೋದೆವು. ಮೆಟ್ಟಿಲ ಪಕ್ಕ, ಬಾಗಿಲಿನಿಂದ ನೇರ ರಸ್ತೆಗೆ ಇಳಿಯುವಂತೆ ಕಟ್ಟಿದ್ದರು. ಮೇಲೆ ಬಿಳಿ ಟೈಲ್ಸ್, ಮುಖ ಕಾಣುವಷ್ಟು ಹೊಳಪು. ಆ ಕಚೇರಿಯ ಮ್ಯಾನೇಜರ್ ಬಾಗಿಲಲ್ಲೇ ನಿಂತಿದ್ದರು.

“ಟೀಚರ್, ನಮ್ಮ ಅಡಗಿಮನಿಗೂ ಇಂಥಾ ಟೈಲ್ಸ್ ಹಾಕಿಸಿಲ್ರಿ ನಾ.”

ಪೂಜೆಗೆಂದು ಇಳಿಜಾರನ್ನು ತೊಳೆದಿದ್ದರು. ಜವಾನ ಅದರ ಮೇಲ್ತುದಿಯಲ್ಲಿ ಲಿಂಬಿಹಣ್ಣು ಇಟ್ಟ. ಅದು ಉರುಳಿ ರಸ್ತೆಗೆ ಹೋಯಿತು. ತಂದು ಮತ್ತೆ ಇಟ್ಟ. ಮತ್ತೆ ಹೋಯಿತು. ಈ ಸಲ ಆಟೋ ಒಂದು ಅದರ ಮೇಲೆ ಹಾದುಹೋಯಿತು. “ಛಲೋ ಆತು ಬಿಡ್ರಿ, ದೃಷ್ಟಿ ಹೋತು,” ಎಂದರು ಮ್ಯಾನೇಜರ್. ಜವಾನ ಇನ್ನೊಂದು ಲಿಂಬಿಹಣ್ಣು ತಂದು, ಅದರ ಬುಡಕ್ಕೆ ಜಲ್ಲಿಕಲ್ಲು ಕೊಟ್ಟು ನಿಲ್ಲಿಸಿದ. ಎಲ್ಲರೂ ಕೈ ಮುಗಿದೆವು. ಟೀಚರ್ ಮುಗಿಯಲಿಲ್ಲ. ಅವರು ಲಿಂಬಿಹಣ್ಣನ್ನೇ ನೋಡುತ್ತಿದ್ದರು.

ನಮ್ಮ ಗುಮಾಸ್ತರು ಟೇಪು ಹಿಡಿದು ಎತ್ತರ, ಉದ್ದ ಬರೆದುಕೊಂಡರು. ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು ಎಂಬುದು ನಿಯಮ. “ಲೆಕ್ಕಾ ಆಫೀಸಿನ್ಯಾಗ ಮಾಡೋಣ್ರಿ,” ಎಂದರು. “ಬಿಸಲ ಛಲೋ ಐತಿ, ಮೊದಲ ಫೋಟೋ ತಗೀರಿ.”

ನಾನೂ ಜವಾನನೂ ಏದುಸಿರು ಬಿಡುತ್ತ ಕುರ್ಚಿಯನ್ನು ಮೇಲಕ್ಕೆ ನೂಕಿದೆವು. ಅಲ್ಲಿಗೇ ತಿಳಿಯಬೇಕಿತ್ತು. ಮುಖ ಕಾಣಬೇಕಲ್ಲ, ಅದಕ್ಕೆ ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿ, ಇಳಿಜಾರಿನ ಮೇಲೇ ನಿಲ್ಲಿಸಿದೆವು. ಟೀಚರ್ ಎರಡೂ ಬ್ರೇಕ್ ಹಾಕಿದರು. “ಬಿಡ್ಲ್ಯಾ ಟೀಚರ್?” ಎಂದು ನಾನು ಕೇಳಿದೆ. ಜವಾನನನ್ನೂ ಪಕ್ಕಕ್ಕೆ ಸರಿಸಿದೆ, ಯಾಕೆಂದರೆ ಬೇರೆಯವರ ಕೈ ಕಾಣಬಾರದು. ಕೆಳಗೆ ಬಂದು ರಸ್ತೆಯ ಅಂಚಿಗೆ ನಿಂತು ಫೋನ್ ಎತ್ತಿದೆ.

ತೆರೆಯ ಮೇಲೆ ಟೀಚರ್ ಸಣ್ಣಗೆ ಕಂಡರು. ಆಮೇಲೆ ದೊಡ್ಡದಾಗಿ ಕಂಡರು. ಬೆರಳು ತಾಗಿ ಝೂಮ್ ಆಗಿರಬೇಕೆಂದು ನಾನು ಸರಿಪಡಿಸಲು ಹೋದೆ.

ಇದನ್ನು ನಾನು ಈಗಲೂ ಮನಸ್ಸಿನಲ್ಲಿ ದಿನಕ್ಕೆ ಎಷ್ಟು ಸಲ ನೋಡುತ್ತೇನೆಂದು ಹೇಳಲಾರೆ. ಗಾಲಿಗಳು ತಿರುಗುತ್ತಿರಲಿಲ್ಲ. ಬ್ರೇಕ್ ಬಿಗಿಯಾಗಿಯೇ ಇತ್ತು. ಇಡೀ ಕುರ್ಚಿ ಪೆಟ್ಟಿಗೆಯ ಹಾಗೆ ಒದ್ದೆ ಟೈಲ್ಸ್ ಮೇಲೆ ಜಾರಿ ಬರುತ್ತಿತ್ತು. ಬಲಗಡೆಯಿಂದ ಬಸ್ಸಿನ ಸಪ್ಪಳ. ನಾನು ಓಡಲಿಲ್ಲ, ಕೂಗಲಿಲ್ಲ. ಫೋಟೋ ತೆಗೆದೆ.

ಟೀಚರ್ ಕೈಚಾಚಿ ಇಳಿಜಾರಿನ ಪಕ್ಕದ ಕಂಬಿ ಹಿಡಿದರು. ಅದಕ್ಕೆ ಅಂದು ಮುಂಜಾನೆಯೇ ನೀಲಿ ಬಣ್ಣ ಬಳಿದಿದ್ದರು. ಅಂಗೈ ಒಂದಷ್ಟು ದೂರ ಜಾರಿ, ಆಮೇಲೆ ಹಿಡಿತ ಸಿಕ್ಕಿತು. ಅವರು ಇಳಿಜಾರಿನ ಮೇಲೆ ಬಿದ್ದರು. ಕುರ್ಚಿ ನನ್ನ ಮೊಣಕಾಲಿಗೆ ಬಡಿದು ರಸ್ತೆಗೆ ಹೋಯಿತು. ಬಸ್ಸು ಕೀರಲಿಟ್ಟು, ಕುರ್ಚಿಯ ಒಂದು ಗಾಲಿಯನ್ನು ಅಡಿಗೆ ಹಾಕಿಕೊಂಡು ನಿಂತಿತು.

ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿದ. “ಏನ್ರೀ, ರೋಡಿಗೆ ಖಾಲಿ ಕುರ್ಚಿ ಬಿಡಾಕತ್ತೀರಿ? ಕುಂದ್ರೂ ಮಂದಿ ಇಲ್ಲೇನ ನಿಮ್ಮಲ್ಲೆ?”

ಟೀಚರ್ ಅವರ ಬಲಭುಜದ ಕೀಲು ಜಾರಿತ್ತು. ಆಸ್ಪತ್ರೆಗೆ ಹೋಗುವಾಗ ನೀಲಿ ಅಂಗೈ ನೋಡಿಕೊಂಡು, “ಲಿಂಬಿಹಣ್ಣ ಮೊದಲಽ ಹೇಳಿತ್ತು. ನಾನೂ ಕೇಳಲಿಲ್ಲ. ಆಸೆ ಇತ್ತಲ್ಲ,” ಎಂದರು.

ಮರುದಿನ ಕಚೇರಿಯಲ್ಲಿ ಗುಮಾಸ್ತರು ನನ್ನ ಫೋನ್ ತೆಗೆದುಕೊಂಡು ನೋಡಿದರು. “ಫೋಟೋ ಭಾಳ ಛಲೋ ಬಂದೈತ್ರಿ ಮೇಡಂ. ಮುಖ ಸ್ಪಷ್ಟ ಐತಿ. ಯಾರ ಕೈನೂ ಇಲ್ಲ.” ಅವರು ಚೇಷ್ಟೆ ಮಾಡುತ್ತಿರಲಿಲ್ಲ. ಆಮೇಲೆ ಲೆಕ್ಕ ಮಾಡಿದರು. ಒಂದು ಅಡಿಗೆ ನಾಲ್ಕು ಅಡಿಯೂ ಬರಲಿಲ್ಲ.

ಇಳಿಜಾರು ಬಳಕೆಗೆ ಯೋಗ್ಯವಲ್ಲ, ಒಡೆಯಬೇಕು ಎಂದು ವರದಿ ಬರೆದೆ. ಕೊನೆಯಲ್ಲಿ, ‘ಚಿತ್ರ ತೆಗೆಯುವ ಸಲುವಾಗಿ ಕುರ್ಚಿಯನ್ನು ಬಿಟ್ಟವಳು ನಾನು’ ಎಂದು ಸೇರಿಸಿದೆ. ನಮ್ಮ ಸಾಹೇಬರು ಓದಿ, “ಇದಕ್ಕ ಕಲಂ ಇಲ್ಲ ನೋಡವಾ,” ಎಂದು ಆ ಸಾಲಿನ ಮೇಲೆ ಪೆನ್ಸಿಲ್ ಎಳೆದರು.

ನವೆಂಬರ್ ಹೊತ್ತಿಗೆ ಹೊಸ ಇಳಿಜಾರು ಬಂತು. ಈ ಸಲ ಉದ್ದವಾಗಿ, ಗೋಡೆಯ ಗುಂಟ ಹೋಗಿ ಒಮ್ಮೆ ತಿರುಗಿ ಬಾಗಿಲಿಗೆ ಮುಟ್ಟುತ್ತಿತ್ತು. ಒರಟು ಕಲ್ಲು, ಎರಡೂ ಕಡೆ ಕಂಬಿ. ಗುಮಾಸ್ತರು ಅಲ್ಲೇ ನಿಂತು ಲೆಕ್ಕ ಮಾಡಿದರು. ಟೀಚರ್ ಚೀಲದಿಂದ ತಾವೇ ಒಂದು ಲಿಂಬಿಹಣ್ಣು ತೆಗೆದು, ಜವಾನನ ಕೈಗೆ ಕೊಟ್ಟು ಮೇಲಿನಿಂದ ಬಿಡಿಸಿದರು. ಉರುಳಿತು, ಆದರೆ ಅವಸರವಿಲ್ಲದೆ. ತಿರುವಿನಲ್ಲಿ ಗೋಡೆಗೆ ತಾಗಿ ನಿಂತಿತು.

“ಬಿಡು,” ಎಂದರು ಟೀಚರ್. ಭುಜ ಸುಧಾರಿಸಿತ್ತು. ಕೈ ಆಗಲೇ ಗಾಲಿಯ ಮೇಲಿತ್ತು.

ನಾನು ಕುರ್ಚಿಯ ಹಿಡಿ ಬಿಡಲಿಲ್ಲ. “ಟೀಚರ್, ಆವತ್ತ ಬಿಡ್ಲ್ಯಾ ಅಂತ ಕೇಳಿದಾಗ ನೀವು ಹೂಂ ಅಂದಿದ್ರೇನ್ರಿ?”

ಇದನ್ನು ಕೇಳಲು ನನಗೆ ಇಷ್ಟು ತಿಂಗಳು ಬೇಕಾಗಿದ್ದವು. ಕೆಲವು ಸಲ ನೆನಪಿನಲ್ಲಿ ಅವರು ಹೂಂ ಎನ್ನುತ್ತಿದ್ದರು, ಕೆಲವು ಸಲ ಏನೂ ಅನ್ನುತ್ತಿರಲಿಲ್ಲ.

“ನೀ ಎಲ್ಲೆ ಕೇಳಿದಿ? ನಾನಽ ಬಿಡು ಅಂದೆ. ಎರಡ ಸಲ ಅಂದೆ. ಈಗ ನೋಡು, ಈಗೂ ಎರಡ ಸಲ ಹೇಳಬೇಕಾಗಾಕತ್ತದ. ನೀ ಹಿಡಕೊಂಡ ಹೊಂಟ್ರ ಇದು ನಿನ್ನ ಇಳಿಜಾರ ಆಕ್ಕದ, ನಂದಲ್ಲ.”

ಬಿಟ್ಟೆ. ಅವರು ಹೊರಟರು. ನಾನು ಒಂದು ಮೊಳ ಹಿಂದೆ, ಕೈ ಮುಂದೆ ಚಾಚಿಕೊಂಡೇ ನಡೆದೆ. ಈ ಸಲ ಫೋನ್ ಗುಮಾಸ್ತರ ಕೈಯಲ್ಲಿತ್ತು.

“ಮೇಡಂ, ನಿಮ್ಮ ಕೈ ಬರಾಕತ್ತೈತ್ರಿ. ಹಿಂದ ಸರೀರಿ.”

ಒಂದು ಹೆಜ್ಜೆ ಸರಿದೆ.

“ಇನ್ನೂ ಬರಾಕತ್ತೈತ್ರಿ.”

ಇನ್ನೊಂದು ಹೆಜ್ಜೆ ಸರಿದೆ. ಇದು ಮುಗಿಯುವಷ್ಟರಲ್ಲಿ ಟೀಚರ್ ತಿರುವು ದಾಟಿ, ಬಾಗಿಲೊಳಗೆ ಹೋಗಿಬಿಟ್ಟಿದ್ದರು. “ಬದುಕೀನ್ರಿ, ಎಲ್ಲೆ ಸಹಿ ಮಾಡ್ಲಿ?” ಎಂದು ಒಳಗಿನಿಂದ ಅವರ ದನಿ ಕೇಳಿತು.

ಗುಮಾಸ್ತರ ಫೋಟೋದಲ್ಲಿ ಖಾಲಿ ಇಳಿಜಾರಿದೆ. ಅಂಚಿನಲ್ಲಿ ಚಾಚಿದ ನನ್ನ ಕೈ. ಒಂಬತ್ತನೇ ಕಲಂ ಇನ್ನೂ ಬಾಕಿ ಇದೆ.