ಐದೂವರೆ ಅಡಿಯ ಬಿದಿರು

ಹನ್ನೊಂದು ಊರುಗಳ ಬಾಸ್ಕೆಟ್‌ಬಾಲ್ ಲೀಗನ್ನು ಹತ್ತೊಂಬತ್ತು ವರ್ಷ ನಡೆಸಿದ ಪೋಲೋ ಸತ್ತು ನಲವತ್ತು ದಿನ. ಮಣ್ಣಿಗೆ ಬಂದವರೆಲ್ಲ ಅವನ ಲೀಗಿಗೆ ಸಾವಿಲ್ಲ ಎಂದು ಅತ್ತಿದ್ದರು. ಅಳತೆಯ ಬಿದಿರು ಹಿಡಿಯಲು ಯಾರಾದರೂ ಬನ್ನಿ ಅಂದಾಗ ಅಷ್ಟೂ ಜನರಿಗೆ ಒಂದೇ ದಿನ ಸೊಂಟನೋವು ಬಂತು. ಹೆಂಡತಿ ನೆಮೇಸಿಯಾಳೇ ಹಿಡಿದಳು.

ಅದು ಗಿಡ್ಡರ ಲೀಗು. ಬಿದಿರ ಒಂದು ತುದಿ ಆಟದಂಗಳದ ಬಾಗಿಲಿಗೆ, ಇನ್ನೊಂದು ತುದಿ ಅಳೆಯುವವರ ಕೈಯಲ್ಲಿ, ನೆಲದಿಂದ ಐದೂವರೆ ಅಡಿಗೆ. ತಲೆ ತಾಗದೆ ದಾಟಿದವನು ಆಟಗಾರ, ತಾಗಿದವನು ಪ್ರೇಕ್ಷಕ. ಪೋಲೋ ಬದುಕೆಲ್ಲ ಗಳಿಸಿದ್ದು ಒಂದೇ ಮಾತು: ಅವನ ಬಿದಿರು ಯಾರಿಗೂ ಮೇಲೇರಿಲ್ಲ. ಹಾಗಾಗಿ ಅಳತೆಯ ದಿನ ಉದ್ದದ ಹುಡುಗರು ಬೆಳಗಿನಿಂದ ಅಕ್ಕಿಮೂಟೆ ಹೊತ್ತು ತಿರುಗುತ್ತಾರೆ, ಅರ್ಧ ಇಂಚು ಕುಗ್ಗಲಿ ಅಂತ. ಮನೆಯಲ್ಲಿ ತಾಯಿಗೆ ಒಂದು ಕೊಡ ನೀರು ತಂದುಕೊಡದವರು.

ಅಂಗಳಕ್ಕೆ ಸೂರು ಹಾಕಿಸಿದ್ದು ಸರ್ಕಾರ. ಕಂಬಕಂಬಕ್ಕೂ ಹೆಸರು ಕೌನ್ಸಿಲರ್ ಎಲ್ಪಿಡಿಯೋದು. ಬೀಗದ ಕೈಯೂ ಅವನದೇ. ಅವನ ಅಣ್ಣನ ಮಗ ರೆಂಡೆಲ್ ಕತ್ತನ್ನು ಆಮೆಯಂತೆ ಒಳಗೆಳೆದುಕೊಂಡು ಬಂದ.

"ಮಂಡಿ ನೆಟ್ಟಗೆ ಮಾಡಪ್ಪ," ಅಂದಳು ನೆಮೇಸಿಯಾ.

"ಅವನು ನಿಲ್ಲೋದೇ ಹಾಗೆ ಕಣಕ್ಕ, ಹುಟ್ಟಿದಾಗಿಂದ," ಅಂದ ಎಲ್ಪಿಡಿಯೋ. "ಈ ವರ್ಷ ಇವನನ್ನ ಆಡೋಕೆ ಬಿಡ್ತೀನಿ ಅಂತ ಪೋಲಣ್ಣ ಮಾತು ಕೊಟ್ಟಿದ್ದ."

"ಅವರು ಮಾತು ಕೊಟ್ಟಿದ್ರು ಅಂತ ಬಂದೋರಲ್ಲಿ ನೀನು ಹನ್ನೆರಡನೆಯವನು. ಬದುಕಿದ್ದಾಗ ನನ್ನ ಹತ್ರಾನೇ ಇಷ್ಟು ಮಾತಾಡ್ಲಿಲ್ಲ ಅವರು."

"ಎರಡು ಬೆರಳು ಮೇಲೆತ್ತಿದ್ರೆ ಕೈ ಬಿದ್ದೋಗುತ್ತಾ? ಇಲ್ಲಾಂದ್ರೆ ಇವತ್ತೇ ಬೀಗ. ಅವನ ಲೀಗು ಅವನ ಹಿಂದೇನೇ ಹೋಗುತ್ತೆ, ನೋಡ್ಕೋ."

ಹಿಂದೆ ನಿಂತಿದ್ದ ತಂಡದ ನಾಯಕರು ಶೂ ದಾರ ಕಟ್ಟಲು ಬಗ್ಗಿದರು. ಅವರಲ್ಲಿ ಇಬ್ಬರು ಹವಾಯಿ ಚಪ್ಪಲಿ ಹಾಕಿದ್ದರು.

ಬಿದಿರು ಎತ್ತಿದರೆ ಲೀಗು ಉಳಿಯುತ್ತದೆ, ಪೋಲೋ ಉಳಿಯುವುದಿಲ್ಲ.

"ಮಂಡಿ," ಅಂದಳು ಮತ್ತೆ.

"ಚಿಕ್ಕಪ್ಪ, ನನ್ನ ಕೈಲಾಗಲ್ಲ, ಕತ್ತು ಹಿಡ್ಕೊಂಡಿದೆ," ಅಂತ ರೆಂಡೆಲ್ ನೆಟ್ಟಗೆ ನಿಂತು ಹೆಜ್ಜೆಯಿಟ್ಟ. ಬಿದಿರು ಅವನ ಹುಬ್ಬಿಗೆ ಬಡಿಯಿತು.

ಎಲ್ಪಿಡಿಯೋ ಎಲ್ಲರನ್ನೂ ಹೊರಗಟ್ಟಿ ಬೀಗ ಜಡಿದು ಹೋದ. ನೆಮೇಸಿಯಾ ಚರ್ಚಿನ ಹಿಂದಿನ, ಭತ್ತ ಒಣಗಿಸುವ ಕಾಂಕ್ರೀಟಿನ ಕಣಕ್ಕೆ ನಡೆದಳು. ಅಲ್ಲಿ ಎರಡು ತೆಂಗಿನ ಮರಕ್ಕೆ ಬಡಿದ, ಚೆಂಡು ಹಾಕುವ ತುಕ್ಕು ಬಳೆಗಳಿದ್ದವು. ಏಳು ಊರಿನವರು ಹಿಂದೆ ಬಂದರು. ಉಳಿದ ನಾಲ್ಕು ಊರಿನವರಿಗೆ ಸೂರಿಲ್ಲದೆ ಆಡಿದರೆ ನೆಗಡಿಯಾಗುತ್ತದಂತೆ.

ಭತ್ತ ಗುಡಿಸಿ ಬದಿಗೊತ್ತಿ ಹುಡುಗರು ನಿಂತರು. ಅವಳು ಸೀಟಿ ಬಾಯಿಗಿಟ್ಟಳು. ತುದಿಯಲ್ಲಿ ಪೋಲೋನ ಹಲ್ಲಿನ ಗುರುತು. ಅದರ ಮೇಲೇ ಕಚ್ಚಿ ಊದಿದಳು.